ಒಂದು ಗಣಕಯಂತ್ರ, ನಾಲ್ಕು ಮಂದಿ, ಒಂದು ಪ್ರಶ್ನೆ



ಈ ಸಲದ ಗೋಡೆ ಪತ್ರಿಕೆಗೆ ಒಂದು ಪಾಠದಂಥ ಲೇಖನ ಬರಿ ಅಂತ ಗುರುಗಳು ಹೇಳಿದಾಗ ನಾನು "ಗಣಕಯಂತ್ರದ ಭಾಗಗಳು" ಎಂದು ಬರೆಯಬೇಕು ಅಂತ ಮಾಡಿದ್ದೆ. ಅದಕ್ಕೆ ಅವರು, "ಅದು ಪುಸ್ತಕದಾಗ ಐತಿ. ಪುಸ್ತಕದಾಗ ಇಲ್ಲದ್ದು ಬರಿ. ನಮ್ಮ ಸಣ್ಣ ಹುಡುಗ್ರು ನಾಕು ಮಂದಿ ಒಂದ ಮಷೀನಿನ ಮುಂದ ಕುಂತು ಏನು ಮಾಡ್ತಾರ ಅನ್ನೂದು ನೋಡಿ ಬರಿ. ನೀ ಕೈ ಹಚ್ಚಬ್ಯಾಡ, ಉತ್ತರ ಹೇಳಬ್ಯಾಡ. ಬರೇ ನೋಡು, ಕೇಳು, ಬರಕೋ" ಅಂದರು. ಸುಮ್ಮನೆ ಕುಳಿತು ಬರೆದುಕೊಳ್ಳುವುದು ಇಷ್ಟು ಕಷ್ಟ ಅಂತ ನನಗೆ ಅವತ್ತೇ ಗೊತ್ತಾದದ್ದು.

ಗಣಕಯಂತ್ರದ ಖೋಲಿಯ ಮೂಲೆಯಲ್ಲಿ ನೋಟಬುಕ್ಕು ಹಿಡಿದು ಕುಳಿತೆ. ಆರನೆಯ ತರಗತಿಯ ಇಬ್ಬರು ಗಂಡು ಹುಡುಗರು, ಐದನೆಯ ತರಗತಿಯ ಇಬ್ಬರು ಹುಡುಗಿಯರು ಬಂದರು. ಗುರುಗಳು ಹಲಗೆಯ ಮೇಲೆ ಪ್ರಶ್ನೆ ಬರೆದರು: "ಲೀಲಾವತಿ ಎಂಬ ಗಣಿತ ಗ್ರಂಥ ಬರೆದ ಭಾಸ್ಕರಾಚಾರ್ಯರು ಹುಟ್ಟಿದ ಊರು ಯಾವುದು? ಅದು ಹೇಗೆ ಗೊತ್ತಾಯಿತು?" ಒಂದು ಪಿರಿಯಡ್ ವೇಳೆ ಕೊಟ್ಟು ಹೊರಗೆ ಹೋದರು.

ಅವತ್ತು ನಡೆದದ್ದು ಹೀಗೆ. ಇಬ್ಬರೊಳಗೆ ದೊಡ್ಡ ಹುಡುಗ ನಡುವಿನ ಖುರ್ಚಿ ಹಿಡಿದು ಮೌಸಿನ ಮೇಲೆ ಕೈ ಇಟ್ಟ. ಇನ್ನೊಬ್ಬ ಕೀಲಿಮಣೆ ಎಳಕೊಂಡ. ಹುಡುಗಿಯರು ಹಿಂದೆ ನಿಂತರು. ಯಾರೂ ಯಾರಿಗೂ ಹಿಂದೆ ನಿಲ್ಲು ಅಂತ ಹೇಳಲಿಲ್ಲ, ಅವರಷ್ಟಕ್ಕೆ ಅವರು ನಿಂತರು. ಕೀಲಿಮಣೆಯ ಹುಡುಗನಿಗೆ "ಭ" ಸಿಗಲಿಲ್ಲ. "ಬಾಸಕರ" ಅಂತ ಒತ್ತಿದ. ಹಿಂದಿನಿಂದ ಸಣ್ಣ ಹುಡುಗಿ, "ಶಿಫ್ಟ್ ಹಿಡದು ಬಿ ಒತ್ತಬೇಕು, ನಡುವ ಎಫ್ ಒತ್ತಿದ್ರ ಒತ್ತಕ್ಷರ ಬರ್ತೈತಿ" ಅಂದಳು. ಅದು ಖರೆ. ನುಡಿ ಕೀಲಿಮಣೆಯಲ್ಲಿ ಎಸ್, ಎಫ್, ಕೆ ಒತ್ತಿದರೆ "ಸ್ಕ" ಆಗುತ್ತದೆ. ಅವಳ ಮಾತು ಯಾರೂ ಕೇಳಲಿಲ್ಲ. ಎರಡನೆಯ ಸಲ ಅಂದಳು, ಕೇಳಲಿಲ್ಲ. ಮೂರನೆಯ ಸಲ ಅಂದಾಗ ಮೌಸಿನ ಹುಡುಗ, "ನೀ ಸುಮ್ಕಿರ ಬೇ, ಗೊತ್ತೈತಿ" ಅಂದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಕಂಡುಹಿಡಿದವನ ಹಾಗೆ ಶಿಫ್ಟ್ ಹಿಡಿದು ಬಿ ಒತ್ತಿದ. ನನಗೆ ಎದ್ದು ಹೋಗಿ ಹೇಳಬೇಕು ಅನಿಸಿತು, ಆದರೆ ಕೈ ಹಚ್ಚಬೇಡ ಅಂದಿದ್ದರಲ್ಲ.

ಮೊದಲು ತೆರೆದ ಪುಟದಲ್ಲಿ "ವಿಜಯಪುರ" ಎಂದು ಸಿಕ್ಕಿತು. "ನಮ್ಮ ಜಿಲ್ಲಾ!" ಅಂತ ಗದ್ದಲ ಮಾಡಿದರು. ಬರೆದುಕೊಂಡರು. ಮುಗಿಯಿತು. ಉಳಿದ ವೇಳೆಯಲ್ಲಿ ಚಿತ್ರ ಬಿಡಿಸುವ ಆಟ ನಡೆಯಿತು, ಅದೂ ಮೌಸ್ ಇದ್ದವನದೇ ಆಟ.

ಮರುದಿನ ಗುರುಗಳು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಊರು ಎಲ್ಲರೂ ಹೇಳಿದರು. "ಹೇಗೆ ಗೊತ್ತಾಯಿತು?" ಎಂಬುದಕ್ಕೆ ಮೂವರು ಸುಮ್ಮನಿದ್ದರು. ಸಣ್ಣ ಹುಡುಗಿ ಮಾತ್ರ ಮೆಲ್ಲಗೆ, "ಕೆಳಗಡೆ ಇನ್ನೊಂದು ಊರಿನ ಹೆಸರು ಇತ್ತರಿ, ಪಾಟಣ ಅಂತ" ಅಂದಳು. "ಮತ್ತ ನಿನ್ನೆ ಯಾಕ ಹೇಳಲಿಲ್ಲ?" "ನನ್ನ ಯಾರೂ ಕೇಳಲಿಲ್ಲರಿ."

ಈ ಒಂದು ಮಾತಿನ ಸಲುವಾಗಿಯೇ ನಾನು ಈ ಲೇಖನ ಬರೆಯುತ್ತಿದ್ದೇನೆ. ಪರದೆಯ ಮೇಲೆ ಇದ್ದದ್ದು ಅವಳ ಕಣ್ಣಿಗೆ ಬಿದ್ದಿತ್ತು. ಗುಂಪಿನಲ್ಲಿ ತಿಳಿವಳಿಕೆ ಇತ್ತು, ಆದರೆ ಗುಂಪಿಗೆ ಸಿಗಲಿಲ್ಲ.

ಇದು ನಮ್ಮ ಶಾಲೆಯಲ್ಲಿ ಮಾತ್ರ ನಡೆಯುವುದು ಅಂತ ತಿಳಿಯಬಾರದು. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಗಣಕಯಂತ್ರಗಳು ದೊಡ್ಡ ಪ್ರಮಾಣದಲ್ಲಿ ಬರಲು ಶುರುವಾದದ್ದು 2001ರ ಸುಮಾರಿಗೆ. ಸರ್ಕಾರದ "ಮಾಹಿತಿ ಸಿಂಧು" ಯೋಜನೆಯಲ್ಲಿ ಒಂದು ಸಾವಿರ ಪ್ರೌಢಶಾಲೆಗಳನ್ನು ಆರಿಸಿದ್ದರು. ಅದೇ ಹೊತ್ತಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಗಣಕಯಂತ್ರದ ಕಲಿಕಾ ಕೇಂದ್ರ ಶುರು ಮಾಡಿ ಕನ್ನಡದಲ್ಲಿ ಪಾಠದ ಸಿ.ಡಿ.ಗಳನ್ನು ಕೊಟ್ಟರು. ಮಕ್ಕಳು ಹೆಚ್ಚು, ಯಂತ್ರ ಕಡಿಮೆ. ಹೀಗಾಗಿ ಎಲ್ಲಿ ನೋಡಿದರೂ ಒಂದರ ಮುಂದೆ ಗುಂಪು.

ಆ ಗುಂಪನ್ನು ಕಣ್ಣಾರೆ ನೋಡಿದವರಲ್ಲಿ ಕೆಂಟಾರೊ ಟೊಯಾಮಾ ಒಬ್ಬರು. 2005ರಲ್ಲಿ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಶುರು ಮಾಡಿದವರಲ್ಲಿ ಅವರೂ ಇದ್ದರು. ಬೆಂಗಳೂರಿನ ಹೊರಗಿನ ಸರ್ಕಾರಿ ಶಾಲೆಗಳಲ್ಲಿ ಗುಂಪಿನಲ್ಲಿ ಒಬ್ಬನೇ, ಹೆಚ್ಚಾಗಿ ಮೇಲ್ಜಾತಿಯ ಗಂಡುಹುಡುಗ, ಮೌಸು ಮತ್ತು ಕೀಲಿಮಣೆ ಹಿಡಿದಿರುತ್ತಿದ್ದ, ಉಳಿದವರು ನೋಡುತ್ತ ನಿಂತಿರುತ್ತಿದ್ದರು ಎಂದು ಅವರು 2015ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ಇದನ್ನು ಗೋಡೆಯ ಮೇಲೆ ಬರೆಯಬೇಕೋ ಬೇಡವೋ ಅಂತ ಗುರುಗಳನ್ನು ಕೇಳಿದೆ. "ಖರೆ ಇದ್ದದ್ದು ಬರಿ" ಅಂದರು. ನಮ್ಮಲ್ಲಿ ಖುರ್ಚಿ ಯಾರಿಗೆ, ಹಿಂದೆ ನಿಲ್ಲುವವರು ಯಾರು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ.

ಆ ಸಂಸ್ಥೆಯ ಸಂಶೋಧಕರು ಇದಕ್ಕೆ ಒಂದು ಉಪಾಯ ಮಾಡಿದರು. ಒಂದೇ ಗಣಕಯಂತ್ರಕ್ಕೆ ಐದು ಮೌಸ್ ಹಚ್ಚಿದರು. ಪರದೆಯ ಮೇಲೆ ಐವರಿಗೂ ಬೇರೆ ಬೇರೆ ಬಾಣ. ಹಳ್ಳಿಯ ಬಡ ಮನೆತನದ 238 ಶಾಲಾ ಮಕ್ಕಳಿಗೆ ಇಂಗ್ಲಿಷ್ ಶಬ್ದ ಕಲಿಸಿ ನೋಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಐದು ಮೌಸ್ ಇಟ್ಟುಕೊಂಡು ಐವರು ಕೂಡಿ ಕಲಿತ ಶಬ್ದಗಳು, ಒಬ್ಬೊಬ್ಬರೇ ಒಂದೊಂದು ಯಂತ್ರದ ಮುಂದೆ ಕುಳಿತು ಕಲಿತ ಶಬ್ದಗಳಿಗೆ ಹೆಚ್ಚುಕಡಿಮೆ ಸಮ ಬಂದವು. ಅಂದರೆ ಒಂದು ಯಂತ್ರ ಐದು ಯಂತ್ರದ ಕೆಲಸ ಮಾಡಿತು.

ಆದರೆ ಅದರಲ್ಲಿ ಇನ್ನೊಂದು ಮಾತು ಇದೆ, ನನಗೆ ಅದೇ ಹೆಚ್ಚು ಮಹತ್ವದ್ದು ಅನಿಸಿತು. ಅವರು ಆಟವನ್ನು ಎರಡು ರೀತಿ ಇಟ್ಟಿದ್ದರು. ಒಂದು ಪೈಪೋಟಿ, ಇನ್ನೊಂದು ಕೂಡಿ ಒಪ್ಪಿ ಮುಂದೆ ಹೋಗುವುದು. ಎರಡರ ಫಲ ಒಂದೇ ಆಗಲಿಲ್ಲ. ಗಂಡುಹುಡುಗರ ಕಲಿಕೆ ಆಟದ ರೀತಿ ಬದಲಾದ ಹಾಗೆ ಏರುಪೇರಾಯಿತು. ಹುಡುಗಿಯರು ಯಾವ ರೀತಿಯಲ್ಲಾದರೂ ಹೆಚ್ಚುಕಡಿಮೆ ಒಂದೇ ಸಮ ಕಲಿತರು. ಇದನ್ನು ಓದಿ ನಮ್ಮ ತರಗತಿಯ ಹುಡುಗಿಯರು ಬಹಳ ಖುಷಿಪಟ್ಟರು. ಖುಷಿಪಡಲಿ, ಆದರೆ ಮೌಸ್ ಕೊಟ್ಟಾಗಿನ ಮಾತು ಇದು.

ಇದಕ್ಕೂ ಮೊದಲು ದಿಲ್ಲಿಯಲ್ಲಿ ಒಂದು ಪ್ರಯೋಗ ನಡೆದಿತ್ತು. ನಮ್ಮ ಗುರುಗಳಲ್ಲಿ ಕೆಲವರಿಗೆ ಅದು ಗೊತ್ತಿರಬಹುದು. 1999ರ ಜನವರಿ 26ರಂದು ಸುಗತ ಮಿತ್ರ ಅವರು ಕಾಲ್ಕಾಜಿಯಲ್ಲಿ ತಮ್ಮ ಕಂಪನಿ ಎನ್‌ಐಐಟಿಯ ಕಂಪೌಂಡ್ ಗೋಡೆಗೆ ಕಿಂಡಿ ಕೊರೆದು ಒಂದು ಗಣಕಯಂತ್ರ ಕೂಡಿಸಿದರು. ಗೋಡೆಯ ಆಚೆಗೆ ಬಡವರ ಗುಡಿಸಲು. ಕಲಿಸುವವರು ಯಾರೂ ಇಲ್ಲ. ಅಲ್ಲಿನ ಸಣ್ಣ ಹುಡುಗರು ತಾವೇ ಕಲಿತರು. ಬಾಣಕ್ಕೆ "ಸೂಜಿ" ಅಂತ, ಯಂತ್ರ ತಡವಾದಾಗ ಕಾಣುವ ಮರಳು ಗಡಿಯಾರಕ್ಕೆ ಶಿವನ "ಡಮರು" ಅಂತ ತಮ್ಮ ಮಾತಿನಲ್ಲಿ ಹೆಸರಿಟ್ಟರು. ಮಿತ್ರ ಅವರು ಹೇಳುವ ಪ್ರಕಾರ, ಒಬ್ಬ ಒತ್ತುತ್ತಾನೆ, ಸುತ್ತಲಿನ ಮೂವರು ಹಾಗೆ ಮಾಡು ಹೀಗೆ ಮಾಡು ಅಂತ ಹೇಳುತ್ತಾರೆ, ನಾಲ್ವರೂ ಕಲಿಯುತ್ತಾರೆ.

ಎಲ್ಲರೂ ಇದನ್ನು ಒಪ್ಪಿಲ್ಲ. ಮಾರ್ಕ್ ವಾರ್‌ಶೌರ್ ಎಂಬ ಅಮೆರಿಕದ ವಿದ್ವಾಂಸರು ಆ ಜಾಗ ನೋಡಿ ಬಂದು, ಮಕ್ಕಳು ಹೆಚ್ಚಾಗಿ ಆಟ ಆಡುತ್ತಿದ್ದರು, ಚಿತ್ರ ಬರೆಯುತ್ತಿದ್ದರು, ಹಿಂದಿಯಲ್ಲಿ ಓದಲಿಕ್ಕೆ ಅಲ್ಲಿ ಏನೂ ಇರಲಿಲ್ಲ ಎಂದು ಬರೆದರು. ನಾನು ಮೊದಲ ದಿನ ನೋಡಿದ್ದಕ್ಕೆ ವಾರ್‌ಶೌರ್ ಅವರ ಮಾತೇ ಹತ್ತಿರ ಬರುತ್ತದೆ. ಎರಡನೆಯ ದಿನ ನೋಡಿದ್ದಕ್ಕೆ ಮಿತ್ರ ಅವರ ಮಾತು ಹತ್ತಿರ. ಎರಡೂ ದಿನ ಯಂತ್ರ ಅದೇ, ಮಕ್ಕಳೂ ಅವರೇ. ಬದಲಾದದ್ದು ಅವರ ಮಾತು.

ಮಾತಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಂಗ್ಲೆಂಡಿನಲ್ಲಿ ನೀಲ್ ಮರ್ಸರ್ ಎಂಬ ಪ್ರಾಧ್ಯಾಪಕರು ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಗುಂಪಾಗಿ ಗಣಕಯಂತ್ರದ ಮುಂದೆ ಕುಳಿತಾಗ ಆಡುವ ಮಾತನ್ನು ದಾಖಲು ಮಾಡಿ, ಅದರಲ್ಲಿ ಮೂರು ನಮೂನೆ ಗುರುತಿಸಿದರು. ಅವರ ಹೆಸರು ಇಂಗ್ಲಿಷಿನಲ್ಲಿವೆ, ನಾನು ನಮ್ಮ ಹೆಸರು ಇಟ್ಟಿದ್ದೇನೆ. ಒಂದು ಜಗಳದ ಮಾತು: "ಹೌದು", "ಅಲ್ಲ", "ನಂದ ಖರೆ", "ಸರಿ ಆಕಡಿ". ಇನ್ನೊಂದು ಹೂಂಗುಟ್ಟುವ ಮಾತು: ಒಬ್ಬ ಅಂದದ್ದಕ್ಕೆ ಎಲ್ಲರೂ "ಹೂಂ, ಹಂಗ ಇರಲಿ" ಅನ್ನುವುದು. ಇದರಲ್ಲಿ ಜಗಳ ಇಲ್ಲ, ಹೀಗಾಗಿ ನೋಡುವವರಿಗೆ ಬಹಳ ಒಳ್ಳೆಯ ಗುಂಪು ಅನಿಸುತ್ತದೆ. ಆದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಮೂರನೆಯದು ಕೆದಕುವ ಮಾತು: "ಯಾಕ?", "ಅಲ್ಲಿ ಬ್ಯಾರೆ ಬರದಾರಲ್ಲ?", "ಹಂಗಿದ್ರ ಇದು ಹೆಂಗ?" ಇಲ್ಲಿಯೂ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪದೆ ಇರಬಹುದು, ಆದರೆ ಕಾರಣ ಕೊಡುತ್ತಾರೆ, ಕಾರಣ ಕೇಳುತ್ತಾರೆ. ಮೂರನೆಯ ನಮೂನೆಯ ಮಾತು ತರಗತಿಗಳಲ್ಲಿ ಬಹಳ ಕಡಿಮೆ ಸಿಕ್ಕಿತಂತೆ. ಆಗ ಅವರು ಕೂಡಿ ಮಾತಾಡುವ ನಿಯಮಗಳನ್ನು ಪಾಠದ ಹಾಗೆ ಕಲಿಸಿದರು. 1999ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಆ ನಿಯಮ ಕಲಿತ 9–10 ವರ್ಷದ ಮಕ್ಕಳು ಗುಂಪಿನಲ್ಲಿ ಅಷ್ಟೇ ಅಲ್ಲ, ಆಮೇಲೆ ಒಬ್ಬೊಬ್ಬರೇ ಕುಳಿತು ತರ್ಕದ ಒಗಟು ಬಿಡಿಸುವುದರಲ್ಲೂ ಸುಧಾರಿಸಿದರು.

ನನ್ನ ನೋಟಬುಕ್ಕಿನಲ್ಲಿ ಮೊದಲ ದಿನದ ಪುಟ ತೆಗೆದು ನೋಡಿದೆ. ಕೆದಕುವ ಮಾತು ಒಂದೂ ಇಲ್ಲ. (ಮನೆಯಲ್ಲಿ ನಾನು ತಮ್ಮನ ಕೂಡ ಆಡುವ ಮಾತಿನಲ್ಲೂ ಮೊದಲನೆಯ ನಮೂನೆಯದೇ ಹೆಚ್ಚು. ಅದು ಇರಲಿ.)

ಮುಂದಿನ ಶನಿವಾರ ಅದೇ ನಾಲ್ವರು, ಅದೇ ಪ್ರಶ್ನೆ. ಐದು ಮೌಸ್ ತರಲಿಕ್ಕೆ ನಮ್ಮ ಹತ್ತಿರ ರೊಕ್ಕ ಇಲ್ಲ. ಅದಕ್ಕೆ ಗುರುಗಳು ಮಕ್ಕಳನ್ನೇ ಕೂಡಿಸಿಕೊಂಡು ನಿಯಮ ಮಾಡಿಸಿದರು. ಮೊದಲು, ಐದೈದು ನಿಮಿಷಕ್ಕೆ ಮೌಸ್ ಬದಲಿ ಅಂತ ಮಾಡಿದರು. ಅದು ನಡೆಯಲಿಲ್ಲ. ಓದುವುದರ ನಡುವೆಯೇ ಕಸಿದುಕೊಳ್ಳುವುದು, ಗಡಿಯಾರದ ಬಗ್ಗೆಯೇ ತಂಟೆ. ಆಮೇಲೆ ಒಂದು ಹೊಸ ಪುಟ ತೆರೆದು ಓದಿ ಮುಗಿದ ಮೇಲೆ ಮೌಸ್ ಎಡಗಡೆಯವರಿಗೆ ಹೋಗಬೇಕು ಅಂತ ಮಾಡಿದರು, ಅದು ಸರಿ ಹೋಯಿತು. ಮತ್ತೆ, ಮೌಸ್ ಹಿಡಿದವರು ಒತ್ತುವ ಮೊದಲು "ಒತ್ತಲೇನು?" ಅಂತ ಕೇಳಬೇಕು. ಮೂವರಲ್ಲಿ ಒಬ್ಬರಾದರೂ "ತಡಿ" ಅಂದರೆ ತಡೆಯಬೇಕು, ತಡಿ ಅಂದವರು ಕಾರಣ ಹೇಳಬೇಕು. ನನ್ನ ಲೆಕ್ಕದಲ್ಲಿ ಐದು ಮೌಸ್ ಮಾಡುವ ಕೆಲಸವನ್ನು ಈ "ಒತ್ತಲೇನು?" ಎಂಬ ಒಂದು ಶಬ್ದ ಬಹುಮಟ್ಟಿಗೆ ಮಾಡಿತು. ಬೆಂಚು ಹಾಕಿಸಿ ನಾಲ್ವರೂ ಕುಳಿತರು. ಕುಳಿತರೆ ಎಲ್ಲರ ಕಣ್ಣೂ ಪರದೆಯ ಮಟ್ಟಕ್ಕೆ ಬರುತ್ತವೆ. ಇದು ಸಣ್ಣ ಸಂಗತಿ ಅನಿಸಬಹುದು, ಹಿಂದೆ ನಿಂತು ನೋಡಿದವರಿಗೆ ಗೊತ್ತು.

ಈ ಸಲ "ಪಾಟಣ" ಹೊರಗೆ ಬಂತು. ಹುಡುಕುತ್ತ ಹೋದಾಗ ಸಿಕ್ಕದ್ದು ಇಷ್ಟು. ಭಾಸ್ಕರಾಚಾರ್ಯರು ತಮ್ಮ ಸಿದ್ಧಾಂತ ಶಿರೋಮಣಿ ಗ್ರಂಥದಲ್ಲಿ ತಾವು ಶಕ 1036ರಲ್ಲಿ ಹುಟ್ಟಿದ್ದು, ಅಂದರೆ ಕ್ರಿ.ಶ. 1114ರಲ್ಲಿ, 36ನೆಯ ವಯಸ್ಸಿಗೆ ಈ ಗ್ರಂಥ ಬರೆದದ್ದು ಎಂದು ತಾವೇ ಹೇಳಿಕೊಂಡಿದ್ದಾರೆ. ಊರಿನ ಹೆಸರನ್ನು ವಿಜ್ಜಡವಿಡ ಎಂದು ಕೊಟ್ಟು, ಅದು ಸಹ್ಯ ಪರ್ವತದ ಹತ್ತಿರ ಎಂದಿದ್ದಾರೆ. ಕೆಲವು ವಿದ್ವಾಂಸರು ಅದು ನಮ್ಮ ವಿಜಾಪುರವೇ ಎನ್ನುತ್ತಾರೆ. ಇನ್ನು ಕೆಲವರು ಅಲ್ಲ, ಅದು ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯಲ್ಲಿ ಚಾಳೀಸಗಾಂವದ ಹತ್ತಿರ, ಪಾಟಣ ಸೀಮೆಯಲ್ಲಿ ಇದ್ದಿರಬೇಕು ಎನ್ನುತ್ತಾರೆ. ಅದಕ್ಕೆ ಆಧಾರ, ಪಾಟಣದಲ್ಲಿ ಸಿಕ್ಕ 1207ರ ಶಾಸನ. ಭಾಸ್ಕರಾಚಾರ್ಯರ ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳನ್ನು ಕಲಿಸಲು ಅಲ್ಲಿ ಒಂದು ಮಠ ಮಾಡಿಸಿದ ಎಂಬುದು ಅದರಲ್ಲಿದೆ.

ಇಷ್ಟು ಓದುವುದರೊಳಗೆ ಕರೆಂಟ್ ಹೋಯಿತು. ನಮ್ಮ ಕಡೆ ಇದು ಹೊಸದೇನಲ್ಲ. ನಾನು, ಇನ್ನು ಎದ್ದು ಆಟಕ್ಕೆ ಹೋಗುತ್ತಾರೆ ಅಂತ ಪೆನ್ಸಿಲ್ ಕೆಳಗಿಟ್ಟೆ. ಹೋಗಲಿಲ್ಲ. ಅವತ್ತಿನ ಎಲ್ಲಕ್ಕಿಂತ ಚಲೋ ಮಾತು ನಡೆದದ್ದು ಪರದೆ ಕಪ್ಪಾದ ಮೇಲೆ. ಬರೆದುಕೊಂಡದ್ದನ್ನು ಹಾಗೇ ಕೊಡುತ್ತೇನೆ.

"ವಿಜ್ಜಡವಿಡ, ವಿಜಾಪುರ. ಕೇಳಾಕ ಒಂದ ಹಂಗ ಐತಿ. ನಮ್ಮೂರ ಅದು."

"ಕೇಳಾಕ ಹಂಗ ಇದ್ರ ಆತೇನು? ಸಹ್ಯ ಪರ್ವತ ಅಂದ್ರ ಯಾವದು?"

"ಸಹ್ಯಾದ್ರಿ. ನಕಾಶೆದಾಗ ಐತಿ, ತಡಿ."

ನಕಾಶೆ ಪುಸ್ತಕ ತಂದು ನೆಲದ ಮೇಲೆ ಬಿಚ್ಚಿದರು. ವಿಜಯಪುರದಿಂದ ಸಹ್ಯಾದ್ರಿಯ ಸಾಲಿಗೆ ಪಟ್ಟಿ ಇಟ್ಟು ಅಳೆದರು. ನಕಾಶೆಯ ಮಾನದ ಪ್ರಕಾರ ಹೆಚ್ಚುಕಡಿಮೆ 200 ಕಿಲೋಮೀಟರ್ ಬಂತು.

"ಇಷ್ಟ ದೂರ ಇದ್ರ ಹತ್ರ ಅಂತಾರೇನು?"

"ಆಗಿನ ಮಂದಿಗೆ ಅದು ಹತ್ರ ಇರಬೇಕು."

"ಆಗ ಬಸ್ಸು ಇರಲಿಲ್ಲಲೇ, ಆಗ ಇನ್ನೂ ದೂರ!"

ಎಲ್ಲರೂ ನಕ್ಕರು. ಆಮೇಲೆ ಸಣ್ಣ ಹುಡುಗಿ, "ಮೊಮ್ಮಗ ಮಠ ಕಟ್ಟಿಸಿದ ಊರಾಗ ಅಜ್ಜ ಹುಟ್ಟಿರಬೇಕಂತ ಏನೈತಿ? ನಮ್ಮಜ್ಜ ಹುಟ್ಟಿದ್ದು ಇಂಡಿ ತಾಲೂಕಿನಾಗ, ನಾವು ಇರೂದು ಇಲ್ಲಿ" ಅಂದಳು. ಇದನ್ನು ಕೇಳಿ ನಾನೇ ಬರೆಯುವುದು ಬಿಟ್ಟು ಅವಳ ಮುಖ ನೋಡಿದೆ. ಅದೇ ಮೊದಲ ದಿನ ಹಿಂದೆ ನಿಂತಿದ್ದ ಹುಡುಗಿ.

ದೊಡ್ಡ ಹುಡುಗನಿಗೆ ಮನಸ್ಸಿಗೆ ಹತ್ತಿತ್ತು. "ಹಂಗಾದ್ರ ಅವ್ರು ನಮ್ಮವರಲ್ಲೇನು?" ಅಂದ. ಅವನ ದನಿ ಸಣ್ಣದಾಗಿತ್ತು. "ಅಲ್ಲ ಅಂತ ಯಾರಂದ್ರು ಅಣ್ಣಾ? ಎರಡೂ ಬರಿ" ಅಂದಳು. ಕಡೆಗೆ ಹಾಳೆಯ ಮೇಲೆ ಅವನೇ ಬರೆದ: "ಹುಟ್ಟಿದ ವರ್ಷ 1114. ಇದು ಅವರೇ ಹೇಳಿದ್ದು. ಊರು ವಿಜ್ಜಡವಿಡ. ಇದೂ ಅವರೇ ಹೇಳಿದ್ದು. ಅದು ಈಗಿನ ಯಾವ ಊರು ಎಂಬುದಕ್ಕೆ ಎರಡು ಅಭಿಪ್ರಾಯ ಇವೆ. ಒಂದಕ್ಕೆ ಹೆಸರು ಆಧಾರ, ಇನ್ನೊಂದಕ್ಕೆ ಶಾಸನ ಮತ್ತು ಪರ್ವತ ಆಧಾರ." ಮೊದಲ ದಿನದ ಉತ್ತರ ಒಂದು ಶಬ್ದ ಇತ್ತು.

ಗುರುಗಳಿಗೆ ಒಂದು ಮಾತು ವಿನಂತಿ. ಒಬ್ಬರ ಹಾಳೆ ಇನ್ನೊಬ್ಬರು ನೋಡಿದರೆ ನಾವು "ಕಾಪಿ" ಅಂತ ಬೈಸಿಕೊಳ್ಳುತ್ತೇವೆ. ಮಿತ್ರ ಅವರು ಇಂಗ್ಲೆಂಡಿನ ಗೇಟ್ಸ್‌ಹೆಡ್ ಎಂಬ ಊರಿನ ಶಾಲೆಯಲ್ಲಿ ನಾಲ್ಕು ಮಕ್ಕಳಿಗೆ ಒಂದು ಗಣಕಯಂತ್ರ ಕೊಟ್ಟಾಗ, ಬೇರೆ ಗುಂಪಿನ ಹತ್ತಿರ ಹೋಗಿ ಇಣುಕಿ ನೋಡಿ ಬರಲಿಕ್ಕೂ, ಗುಂಪು ಬದಲಿಸಲಿಕ್ಕೂ ಬಿಟ್ಟಿದ್ದರು. ಎರಡು ತಿಂಗಳ ಮೇಲೆ ಯಂತ್ರ ಇಲ್ಲದೆ ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿದಾಗಲೂ ಅವರ ಅಂಕ ಇಳಿಯಲಿಲ್ಲ ಎಂದು ಅವರು ಹೇಳಿದ್ದಾರೆ. ಪರೀಕ್ಷೆಯಲ್ಲಿ ಬೇಡ, ಹುಡುಕುವ ಪಿರಿಯಡ್ಡಿನಲ್ಲಾದರೂ ಇಣುಕಲು ಬಿಡಬೇಕು.

ಇನ್ನೊಂದು. ದಕ್ಷಿಣ ಭಾರತದ ಕಾಳಿಕುಪ್ಪಂ ಎಂಬ ತಮಿಳು ಹಳ್ಳಿಯಲ್ಲಿ ಅವರು ಮಕ್ಕಳಿಗೆ ಜೀವಕಣದ ಕಠಿಣ ಪಾಠವನ್ನು ಇಂಗ್ಲಿಷಿನಲ್ಲಿ ಯಂತ್ರದಲ್ಲಿ ಹಾಕಿ ಬಿಟ್ಟುಹೋದರು. ಮಕ್ಕಳು ತಾವೇ ಒಂದು ಮಟ್ಟದವರೆಗೆ ಕಲಿತು ನಿಂತರು. ಆಮೇಲೆ ಆ ವಿಷಯ ಏನೂ ಗೊತ್ತಿಲ್ಲದ ಒಬ್ಬ ಯುವತಿಯನ್ನು ಹಿಂದೆ ನಿಲ್ಲಿಸಿ, ಅಜ್ಜಿಯ ಹಾಗೆ "ಭೇಷ್, ಇದು ಹೇಗೆ ತಿಳಿಯಿತು, ಇನ್ನೊಮ್ಮೆ ತೋರಿಸು" ಅನ್ನಲು ಹೇಳಿದಾಗ ಕಲಿಕೆ ಮತ್ತೆ ಮೇಲೇರಿತು. ನಮ್ಮ ಖೋಲಿಯಲ್ಲಿ ಗಣಕಯಂತ್ರ ಬಲ್ಲ ಗುರುಗಳು ಇಲ್ಲದ ದಿನ ಬೀಗ ಹಾಕಿರುತ್ತಾರೆ. ಬಲ್ಲವರೇ ಬೇಕು ಅಂತ ಇಲ್ಲ, ಕೇಳುವವರು ಒಬ್ಬರು ಇದ್ದರೆ ಬೀಗ ತೆಗೆಯಬಹುದು. ಬಿಸಿಯೂಟದ ಅಮ್ಮನವರು ಒಮ್ಮೆ ಬಂದು ನಿಂತು, "ಏನದು, ನನಗೂ ಹೇಳ್ರಿ" ಅಂದಾಗ ನಾಲ್ವರೂ ಒಮ್ಮೆಲೇ ಹೇಳತೊಡಗಿದ್ದನ್ನು ನಾನೇ ನೋಡಿದ್ದೇನೆ.

ನಿಯಮದ ಹಾಳೆಯನ್ನು ಗಣಕಯಂತ್ರದ ಪಕ್ಕದ ಗೋಡೆಗೆ ಅಂಟಿಸಿದೆ. ಮುಂದಿನ ಶನಿವಾರದ ಪ್ರಶ್ನೆ: "ನಮ್ಮ ಜಿಲ್ಲೆಯ ಡೋಣಿ ಹೊಳೆಯ ನೀರು ಉಪ್ಪು ಯಾಕೆ?" ಏಳನೆಯ ತರಗತಿಯವರು ಹೆಸರು ಕೊಡಬಹುದು, ಗುಂಪಿಗೆ ನಾಲ್ವರು. ಐದನೆಯ ತರಗತಿಯ ಆ ಹುಡುಗಿ ಈಗಾಗಲೇ, "ಇದಕ್ಕ ನೆಟ್ಟ ಬ್ಯಾಡರಿ, ನಮ್ಮ ಆಯಿಗೆ ಕೇಳ್ತೀನಿ" ಅಂತ ಗುರುಗಳಿಗೆ ಹೇಳಿದ್ದಾಳೆ. ಗುರುಗಳು, "ಎರಡೂ ಕಡೆ ಕೇಳು, ಎರಡೂ ಬರಕೊಂಡು ಬಾ" ಅಂದಿದ್ದಾರೆ.